ಮೂರು ಸಲ ಔಷಧಿ ಕುಡಿಸಿದರೂ ಕುರಿಯ ಗದ್ದ ಬಾಯುವುದು ಯಾಕೆ?

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆ ಬೀಳಗಿ ತಾಲ್ಲೂಕಿನವನು. 60 ಎಳಗ ತಳಿಯ ಕುರಿ, 8 ಆಡು, ಒಂದು ಎಮ್ಮೆ ಇವೆ. ಅಪ್ಪ ಕುರಿ ಹೊಡೆದುಕೊಂಡು ಊರೂರು ತಿರುಗುತ್ತಿದ್ದ. ನಾನು ಎರಡು ವರ್ಷದಿಂದ ಹೊಲದಲ್ಲೇ ಶೆಡ್ ಹಾಕಿ ಸಾಕುತ್ತಿದ್ದೇನೆ. ಹಗಲು ಹಿನ್ನೀರಿನ ಅಂಚಿಗೆ, ಯಡಹಳ್ಳಿ ಕಡೆಯ ಗುಡ್ಡದ ಬುಡಕ್ಕೆ ಮೇಯಲು ಬಿಡುತ್ತೇನೆ. ಶ್ರಾವಣದಿಂದ ಈಚೆಗೆ ಕುರಿಗಳ ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಬಾವು ಬರುತ್ತಿದೆ. 5 ಕುರಿ ಸತ್ತವು. ಜಂತಿನ ಔಷಧಿ ಅಲ್ಬೆಂಡಜೋಲ್ ಮೂರು ಸಲ ಕುಡಿಸಿದೆ, ಫರಕು ಕಾಣಲಿಲ್ಲ. ಊರ ಹಿರಿಯರು ಇದು ಚಿಗರಿ ಹಿಕ್ಕೆಯಿಂದ ಬಂದ ಹುಳ ಅನ್ನುತ್ತಾರೆ. ನಿಜವೇ? ಎಮ್ಮೆಯ ಒಂದು ತಿಂಗಳ ಕರು ಗೇಣುದ್ದದ ಬಿಳಿ ಹುಳ ಹಾಕಿದೆ. ಮನೆಯಲ್ಲಿ ಮುಧೋಳ ನಾಯಿ ಮರಿ ಹಾಕಿದೆ, ಮಕ್ಕಳು ಅವುಗಳ ಜೊತೆಗೇ ಆಡುತ್ತಾರೆ. ಅದಕ್ಕೂ ಏನಾದರೂ ಮಾಡಬೇಕೇ? ಇನ್ನೊಂದು ವಿಚಿತ್ರ ಅಂದರೆ, ಹರಕು ಕಿವಿಯ ಒಂದು ಮುದಿ ಕುರಿಗೆ ಮಾತ್ರ ಇಲ್ಲಿವರೆಗೂ ಏನೂ ಆಗಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಮಾತು ಬಾವಿನದ್ದಲ್ಲ, ಔಷಧಿಯದ್ದೂ ಅಲ್ಲ. "ಅಪ್ಪ ತಿರುಗುತ್ತಿದ್ದ, ನಾನು ಶೆಡ್ ಹಾಕಿದ್ದೇನೆ" ಅಂತ ಬರೆದಿದ್ದೀರಲ್ಲ, ಅದು. ಅಲ್ಲಿಗೆ ಬರುತ್ತೇನೆ. ಮೊದಲು ಬಾವು ನೋಡೋಣ.

ಗದ್ದ ಬಾತದ್ದೆಲ್ಲ ಹುಳದ ಬಾವಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡಿ. ತಣ್ಣಗಿದ್ದು, ಮೆತ್ತಗಿದ್ದು, ಬೆರಳು ತೆಗೆದ ಮೇಲೂ ಕುಳಿ ಹಾಗೇ ಉಳಿದರೆ, ಕುರಿಗೆ ನೋವಾದಂತೆ ಕಾಣದಿದ್ದರೆ ಅದು ನೀರು. ಸಂಜೆ ಮೇದು ಬಂದಾಗ ಜಾಸ್ತಿ ಇರುತ್ತದೆ, ಬೆಳಿಗ್ಗೆ ಕಡಿಮೆಯಾಗಿರುತ್ತದೆ. ದಿನವಿಡೀ ತಲೆ ಕೆಳಗೆ ಹಾಕಿ ಮೇಯುವುದರಿಂದ ನೀರು ಗದ್ದಕ್ಕೆ ಇಳಿಯುತ್ತದೆ, ಅಷ್ಟೇ. ಅದರ ಬದಲು ಬಾವು ಬಿಸಿಯಾಗಿದ್ದು, ಜ್ವರ ಇದ್ದು, ಉಸಿರಾಟ ಗೊರಗೊರ ಅನ್ನುತ್ತಿದ್ದರೆ ಅದು ಗಂಟಲು ಬೇನೆ ಇರಬಹುದು. ತುಟಿ, ಮೂತಿ ಎಲ್ಲ ಊದಿ, ಬಾಯಲ್ಲಿ ಹುಣ್ಣಾಗಿ, ಕುಂಟುತ್ತಿದ್ದರೆ ನೀಲಿ ನಾಲಿಗೆ ರೋಗ. ಅದೂ ಮಳೆಗಾಲದ್ದೇ. ಈ ಎರಡಕ್ಕೂ ಜಂತಿನ ಔಷಧಿ ಸುಮ್ನೆ ದಂಡ.

ನೀವು ಬರೆದ "ನೀರು ತುಂಬಿದ ಚೀಲ" ಎಂಬ ಮಾತು ನೋಡಿದರೆ ರಕ್ತ ಹೀರುವ ದುಂಡುಹುಳ ಅಂತಲೇ ನನ್ನ ಲೆಕ್ಕ. ಅದರ ಹೆಸರು ಹೀಮಾಂಕಸ್ ಕಂಟಾರ್ಟಸ್. ಇನ್ನೊಂದು ಕುರಿ ಸತ್ತರೆ ಹೊಟ್ಟೆ ಕೊಯ್ಸಿ ನೋಡಿ. ಒಂದು ಎಚ್ಚರ: ಚೆನ್ನಾಗಿದ್ದ ಕುರಿ ಇದ್ದಕ್ಕಿದ್ದಂತೆ ಸತ್ತು, ಮೂಗಿನಿಂದಲೋ ಗುದದಿಂದಲೋ ಕರಿ ರಕ್ತ ಬಂದಿದ್ದರೆ ಕತ್ತಿ ಮುಟ್ಟಲೇಬೇಡಿ. ಅದು ನೆರಡಿ ರೋಗ (ಆಂಥ್ರಾಕ್ಸ್) ಆಗಿರಬಹುದು, ಮನುಷ್ಯರಿಗೂ ಬರುತ್ತದೆ. ಹಾಗಿಲ್ಲದಿದ್ದರೆ ನಾಲ್ಕನೇ ಹೊಟ್ಟೆಯನ್ನು, ಅಂದರೆ ಸಣ್ಣ ಕರುಳಿಗೆ ಹತ್ತಿಕೊಂಡ ಉದ್ದನೆಯ ಚೀಲವನ್ನು, ಸೀಳಿ ಬಿಸಿಲಿಗೆ ಹಿಡಿಯಿರಿ. ಒಳಗಿನ ತೊಗಲಿನ ಮೇಲೆ ಒಂದು ಇಂಚಿಗಿಂತ ತುಸು ಗಿಡ್ಡ, ಕೆಂಪು ಬಿಳಿ ಎಳೆ ಸೇರಿಸಿ ಹೊಸೆದ ದಾರದಂಥ ಹುಳಗಳು ಮಿಸುಕಾಡುತ್ತಿರುತ್ತವೆ. ಕೆಂಪು ಎಳೆ ಅಂದರೆ ರಕ್ತ ತುಂಬಿದ ಅದರ ಕರುಳು. ಬಿಳಿ ಎಳೆ ಅಂದರೆ ಅದರ ಸುತ್ತ ಸುತ್ತಿಕೊಂಡ ಮೊಟ್ಟೆಕೋಶ. ಒಮ್ಮೆ ಕಣ್ಣಾರೆ ನೋಡಿದರೆ ಮರೆಯುವುದಿಲ್ಲ.

ಒಂದು ಹುಳ ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಕಳೆಯುತ್ತದೆ. ಅಂದರೆ ಒಂದು ಹನಿ. ಒಂದು ಹನಿ ಏನು ಮಹಾ ಅನ್ನಿಸುತ್ತದೆ, ಅಲ್ವಾ? ಸಾವಿರ ಹುಳ ಇದ್ದರೆ ದಿನಕ್ಕೆ 50 ಮಿ.ಲೀ. ಆಯಿತು. 30 ಕಿಲೋ ಕುರಿಯ ಮೈಯಲ್ಲಿರುವುದೇ ಹೆಚ್ಚುಕಡಿಮೆ ಎರಡು ಲೀಟರ್ ರಕ್ತ. ಹತ್ತು ದಿನಕ್ಕೆ ಅರ್ಧ ಲೀಟರ್ ಹೋದರೆ ಕಾಲು ಪಾಲು ಹೋದಂತೆ. ಕುರಿ ಹೊಸ ರಕ್ತ ಮಾಡಿಕೊಳ್ಳುತ್ತಲೇ ಇರುತ್ತದೆ, ಆದರೆ ಹುಳದ ಓಟಕ್ಕೆ ಸಾಟಿಯಾಗುವುದಿಲ್ಲ. ರಕ್ತದ ಜೊತೆ ಸಾರವೂ, ಅಂದರೆ ಪ್ರೋಟೀನೂ, ಹೋಗುತ್ತದೆ. ಆ ಸಾರ ಕಡಿಮೆಯಾದಾಗ ನೀರು ರಕ್ತನಾಳದಲ್ಲಿ ನಿಲ್ಲದೆ ಹೊರಗೆ ಜಿನುಗಿ ಗದ್ದದಲ್ಲಿ ತುಂಬುತ್ತದೆ. ನೀವು ನೋಡುತ್ತಿರುವ ಚೀಲ ಅದೇ. ಚೀಲ ಕಾಣುವ ಹೊತ್ತಿಗೆ ಕಾಯಿಲೆ ಬಹಳ ಮುಂದೆ ಹೋಗಿರುತ್ತದೆ.

"ಆದರೆ ನಮ್ಮ ಕುರಿ ಉಚ್ಚಿಕೊಳ್ಳುತ್ತಿಲ್ಲವಲ್ಲ, ಹಿಕ್ಕೆ ಗಟ್ಟಿಯಾಗೇ ಇದೆ" ಅಂತ ಬಹಳ ಜನ ನನ್ನನ್ನು ಕೇಳಿದ್ದಾರೆ. ಈ ಹುಳದ ಮೋಸವೇ ಅದು. ಬೇರೆ ಜಂತುಗಳಂತೆ ಇದು ಭೇದಿ ಮಾಡಿಸುವುದಿಲ್ಲ. ಹಿಕ್ಕೆ ಗಟ್ಟಿ, ಮೈ ಕೂಡ ಅಷ್ಟೇನೂ ಇಳಿದಿರುವುದಿಲ್ಲ. ಹಿಂಡಿನ ಹಿಂದೆ ಬೀಳುತ್ತದೆ, ನಿಂತಲ್ಲೇ ಕೂರುತ್ತದೆ, ಒಂದು ದಿನ ಅಟ್ಟಿಸಿಕೊಂಡು ಹೋಗಿ ಹಿಡಿದರೆ ಕೈಯಲ್ಲೇ ಪ್ರಾಣ ಬಿಡುತ್ತದೆ. ಆದ್ದರಿಂದ ಸುಸ್ತಾದ ಕುರಿಯನ್ನು ಓಡಿಸಿ ಹಿಡಿಯಬೇಡಿ, ಮೂಲೆಗೆ ಒತ್ತಿ ಮೆಲ್ಲಗೆ ಹಿಡಿಯಿರಿ.

ಹಿನ್ನೀರಿನ ಅಂಚಿಗೆ ಮೇಯಿಸುತ್ತೀರಿ ಅಂದಿರಿ. ಹಾಗಿದ್ದರೆ ಇನ್ನೊಂದು ಅನುಮಾನವನ್ನೂ ಬದಿಗಿಡಬಾರದು. ಬಸವನಹುಳು ಇರುವ ನೀರಂಚಿನ ಹುಲ್ಲಿನಿಂದ ಕುರಿಯ ಕಾರಲಿಗೆ (ಯಕೃತ್ತಿಗೆ) ಚಪ್ಪಟೆ ಹುಳ ಸೇರುತ್ತದೆ. ಅದಕ್ಕೂ ಇಂಥದ್ದೇ ಗದ್ದದ ಬಾವು ಬರುತ್ತದೆ, ಅದರ ಔಷಧಿ ಬೇರೆ. ಸತ್ತ ಕುರಿ ಕೊಯ್ದಾಗ ಕಾರಲನ್ನೂ ಸೀಳಿ ನೋಡಿ. ಎಲೆಯಂಥ ಹುಳ ಸಿಕ್ಕರೆ ಡಾಕ್ಟರಿಗೆ ಹೇಳಿ.

ಈಗ ಅಪ್ಪನ ತಿರುಗಾಟದ ವಿಷಯ.

ಈ ಹುಳದ ಹೆಣ್ಣು ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತದೆ. ಒಂದೇ ಕುರಿಯಲ್ಲಿ 500 ಹೆಣ್ಣು ಹುಳ ಇದ್ದರೂ ದಿನಕ್ಕೆ 25 ಲಕ್ಷ ಮೊಟ್ಟೆ ಹಿಕ್ಕೆಯ ಜೊತೆ ನೆಲಕ್ಕೆ ಬಿತ್ತು ಅನ್ನಿ. ಆದರೆ ಆ ಮೊಟ್ಟೆಯನ್ನು ಆಗಲೇ ತಿಂದರೆ ಕುರಿಗೆ ಏನೂ ಆಗುವುದಿಲ್ಲ. ಮೊಟ್ಟೆ ಒಡೆದು ಮರಿ ಬರಬೇಕು, ಅದು ಹಿಕ್ಕೆಯಲ್ಲೇ ಎರಡು ಸಲ ಪೊರೆ ಬಿಟ್ಟು ಬೆಳೆಯಬೇಕು. ಬೆಚ್ಚಗೆ, ಹಸಿಯಾಗಿ ಇರುವ ಮಳೆಗಾಲದಲ್ಲಿ ಇದಕ್ಕೆ ಐದರಿಂದ ಏಳು ದಿನ ಬೇಕು. ಆಮೇಲೆ ಆ ಮರಿ ಇಬ್ಬನಿಯ ತೇವ ಹಿಡಿದು ಹುಲ್ಲಿನ ಎಸಳು ಹತ್ತುತ್ತದೆ. ಬಹುಪಾಲು ಮರಿಗಳು ಬುಡದಿಂದ ಮೂರು ನಾಲ್ಕು ಬೆರಳಿನಷ್ಟು ಎತ್ತರದಲ್ಲೇ ಇರುತ್ತವೆ. ಕುರಿ ಬಂದು ಬುಡ ಹಿಡಿದು ಕಚ್ಚಿದಾಗ ಒಳಗೆ ಹೋಗುತ್ತವೆ. ಹೋಗಿ ಮೂರು ವಾರಕ್ಕೆ ಅವೂ ಮೊಟ್ಟೆ ಇಡಲು ಶುರು ಮಾಡುತ್ತವೆ.

ನಿಮ್ಮ ಅಪ್ಪ ಒಂದು ಹೊಲದಲ್ಲಿ ಎಷ್ಟು ರಾತ್ರಿ ಕುರಿ ತರುಬುತ್ತಿದ್ದರು? ಎರಡು, ಹೆಚ್ಚೆಂದರೆ ಮೂರು ರಾತ್ರಿ. ಹಿಕ್ಕೆಯ ಗೊಬ್ಬರಕ್ಕೆ ಹೊಲದವರು ಕೊಟ್ಟ ಕಾಳು, ಕಾಸು ತೆಗೆದುಕೊಂಡು ಮುಂದಿನ ಊರಿಗೆ ಹೊರಡುತ್ತಿದ್ದರು. ಹಿಕ್ಕೆಯಲ್ಲಿದ್ದ ಮರಿ ಹುಲ್ಲು ಹತ್ತುವ ಹೊತ್ತಿಗೆ ಹಿಂಡು ಹರದಾರಿ ದೂರ. ಮತ್ತೆ ಅದೇ ಹೊಲಕ್ಕೆ ಬರುವುದು ಮುಂದಿನ ವರ್ಷ. ನಡುವೆ ಬೇಸಿಗೆಯ ಬಿಸಿಲು ನೆಲ ಸುಟ್ಟಿರುತ್ತದೆ. ಅವರ ಕುರಿಗಳಲ್ಲಿ ಹುಳ ಇರಲಿಲ್ಲ ಅಂತಲ್ಲ, ಇದ್ದವು. ಆದರೆ ತಾವು ಬಿತ್ತಿದ್ದನ್ನು ತಾವೇ ಮೇಯುವ ಪ್ರಸಂಗ ಕಡಿಮೆ ಇತ್ತು. ಅಪ್ಪ ತಿರುಗುತ್ತಿದ್ದದ್ದು ಮೇವಿಗಾಗಿ, ಹುಳಕ್ಕೆ ಹೆದರಿ ಅಲ್ಲ. ಆದರೂ ಆ ನಡಿಗೆಯೇ ಅರ್ಧ ಔಷಧಿ ಆಗಿತ್ತು.

ನೀವು ಎರಡು ವರ್ಷದಿಂದ ಅದೇ ಶೆಡ್, ಅದೇ ಹಿನ್ನೀರಿನ ಅಂಚು, ಅದೇ ಹಸಿ ಹುಲ್ಲು. ಅಲ್ಲಿ ನೆಲ ಒಣಗುವುದೇ ಇಲ್ಲ. ಬೆಳಿಗ್ಗೆ ಕುಡಿಸಿದ ಔಷಧಿ ಒಳಗಿನ ಹುಳ ಕೊಂದರೂ ಮಧ್ಯಾಹ್ನ ಹೊಸ ಹುಳ ಒಳಗೆ ಬರುತ್ತದೆ. ಹುಳದ ದೊಡ್ಡ ಪಾಲು ಯಾವಾಗಲೂ ಕುರಿಯ ಹೊಟ್ಟೆಯಲ್ಲಿ ಇರುವುದಿಲ್ಲ, ಹುಲ್ಲಿನಲ್ಲಿ ಇರುತ್ತದೆ. ನಾವು ಮಾತ್ರ ಕುರಿಯ ಬಾಯಿಗೇ ಬಾಟಲಿ ಹಿಡಿಯುತ್ತೇವೆ.

ಶೆಡ್ ಮುರಿದು ಮತ್ತೆ ಊರೂರು ತಿರುಗಿ ಅಂತ ನಾನು ಹೇಳುವುದಿಲ್ಲ. ಹೇಳುವ ನಾನೇ ಪಿಂಚಣಿ ತೆಗೆದುಕೊಂಡು ಗೋಕಾಕದಲ್ಲಿ ಮನೆ ಕಟ್ಟಿ ಕೂತವನು. ಆದರೆ ಅಪ್ಪನ ನಡಿಗೆಯನ್ನು ನಿಮ್ಮ ಹೊಲದೊಳಗೇ ತರಬಹುದು. ಮೇಯುವ ಜಾಗವನ್ನು ಬಲೆಯಿಂದಲೋ ಜಾಲಿ ಮುಳ್ಳಿನಿಂದಲೋ ತುಂಡು ಮಾಡಿ. ಮಳೆಗಾಲದಲ್ಲಿ ಒಂದು ತುಂಡಿನಲ್ಲಿ ನಾಲ್ಕು ದಿನಕ್ಕಿಂತ ಜಾಸ್ತಿ ಬಿಡಬೇಡಿ. ಬಿಟ್ಟ ತುಂಡಿಗೆ ಎರಡು ತಿಂಗಳು ಕಾಲಿಡಬೇಡಿ, ಇನ್ನೂ ತಡವಾದರೆ ಇನ್ನೂ ಒಳ್ಳೆಯದು. ಆ ನಡುವೆ ಅಲ್ಲಿ ಎಮ್ಮೆ ಮೇಯಲಿ. ಕುರಿಯ ಈ ಹುಳ ದೊಡ್ಡ ಎಮ್ಮೆಯ ಹೊಟ್ಟೆಯಲ್ಲಿ ಅಷ್ಟಾಗಿ ನೆಲೆ ನಿಲ್ಲುವುದಿಲ್ಲ, ಎಮ್ಮೆ ಒಂದು ರೀತಿ ಕಸ ಗುಡಿಸಿದಂತೆ. ಹಸಿ ಹಿಕ್ಕೆಯನ್ನು ಮೇವಿನ ಹುಲ್ಲಿನ ಮಡಿಗೆ ಹಾಕಬೇಡಿ. ತಿಪ್ಪೆಯಲ್ಲಿ ಕಾವು ಬಂದು ಕೊಳೆತ ಮೇಲೆ ಹಾಕಿ.

ಇಬ್ಬನಿ ಆರಿದ ಮೇಲೆ ಕುರಿ ಬಿಡಬೇಕು ಅಂತ ನಿಮ್ಮ ಅಜ್ಜಂದಿರು ಹೇಳುತ್ತಿದ್ದರಲ್ಲ, ಅದು ಖರೇ. ಹುಲ್ಲಿನ ಮೇಲೆ ತೇವ ಇರುವಾಗ ಮರಿಗಳು ಮೇಲೆ ಬಂದಿರುತ್ತವೆ, ಒಣಗಿದಾಗ ಬುಡಕ್ಕೆ ಇಳಿಯುತ್ತವೆ. ಪೂರ್ತಿ ಕಾಪಾಡುವುದಿಲ್ಲ, ಆದರೆ ಪುಕ್ಕಟೆ ಸಿಗುವ ಉಪಾಯ.

ಬಿಸಿಲಿನ ಬಗ್ಗೆ ಒಂದು ಮಾತು. ಹುಲ್ಲಿನ ಮೇಲಿನ ಆ ಮರಿ ಏನೂ ತಿನ್ನುವುದಿಲ್ಲ. ಅದರ ಮೈ ಸುತ್ತ ಹಳೇ ಪೊರೆ ಚೀಲದಂತೆ ಉಳಿದಿರುತ್ತದೆ, ಬಾಯಿ ಮುಚ್ಚಿರುತ್ತದೆ. ಕಟ್ಟಿಕೊಂಡು ಬಂದ ಬುತ್ತಿ ಮುಗಿಯುವವರೆಗೆ ಮಾತ್ರ ಅದರ ಆಯುಷ್ಯ. ತಂಪಿದ್ದರೆ ತಿಂಗಳುಗಟ್ಟಲೆ ಇರುತ್ತದೆ, ಸೆಕೆ ಜಾಸ್ತಿಯಾದರೆ ಬುತ್ತಿ ಬೇಗ ಖಾಲಿ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿಗೆ ಬಯಲು ಹುಲ್ಲಿನಲ್ಲಿ ಬದುಕುವುದು ಕಷ್ಟ. ಹುಳಕ್ಕೂ ಅದು ಗೊತ್ತು ಅನ್ನುವ ಹಾಗೆ, ಕೆಟ್ಟ ಕಾಲದಲ್ಲಿ ಕುರಿಯ ಹೊಟ್ಟೆಯೊಳಗೆ ಬೆಳೆಯದೆ ಮುದುಡಿ ಮಲಗಿರುತ್ತದೆ. ಮಿರಗದ ಮಳೆ ಬೀಳುವ ಹೊತ್ತಿಗೆ ಎದ್ದು ಮೊಟ್ಟೆ ಸುರಿಯುತ್ತದೆ. ಕುರಿ ಈದ ಹೊಸತರಲ್ಲೂ ಹೀಗೇ. ಈಯುವ ಎರಡು ವಾರ ಮೊದಲಿಂದ ತಾಯಿಯ ತಾಳಿಕೆ ಶಕ್ತಿ ಕುಗ್ಗುತ್ತದೆ, ಮೊಟ್ಟೆ ಏರುತ್ತದೆ, ಪಕ್ಕದಲ್ಲೇ ಎಳೆ ಮರಿ ಮೊದಲ ಹುಲ್ಲು ಕಚ್ಚುತ್ತಿರುತ್ತದೆ.

ಇನ್ನು ನಿಮ್ಮ ಮೂರು ಸಲದ ಔಷಧಿ. ಇಲ್ಲಿ ನನ್ನದೂ ತಪ್ಪಿದೆ. ನಾನು ನೌಕರಿಗೆ ಸೇರಿದ ಹೊಸದರಲ್ಲಿ ಹಳ್ಳಿಹಳ್ಳಿಗೆ ಹೋಗಿ "ಮೂರು ತಿಂಗಳಿಗೊಮ್ಮೆ ಎಲ್ಲಾ ಕುರಿಗೂ ಕುಡಿಸಿ" ಅಂತ ಹೇಳಿ ಬಂದವನು. ಆಗ ಪುಸ್ತಕದಲ್ಲೂ ಹಾಗೇ ಇತ್ತು. ಅದರ ಫಲವನ್ನು ಈಗ ನಿಮ್ಮಂಥವರು ಉಣ್ಣುತ್ತಿದ್ದೀರಿ. ಎಲ್ಲಾ ಕುರಿಗೂ ಕುಡಿಸಿದಾಗ ಔಷಧಿಗೆ ಬಗ್ಗುವ ಹುಳ ಸಾಯುತ್ತವೆ, ಬಗ್ಗದ ನಾಲ್ಕು ಹುಳ ಉಳಿಯುತ್ತವೆ. ಮುಂದಿನ ಸಂತಾನ ಪೂರ್ತಿ ಅವುಗಳದ್ದೇ. ಇದು ಹೊಸ ಕಥೆಯಲ್ಲ. ಅಲ್ಬೆಂಡಜೋಲಿನ ಅಣ್ಣ ಥಯಾಬೆಂಡಜೋಲ್ ಮಾರುಕಟ್ಟೆಗೆ ಬಂದದ್ದು 1961ರಲ್ಲಿ. ಮೂರೇ ವರ್ಷಕ್ಕೆ, 1964ರಲ್ಲಿ, ಅದಕ್ಕೆ ಜಗ್ಗದ ಹೀಮಾಂಕಸ್ ವರದಿಯಾಯಿತು.

ಆದರೆ ಹುಳ ಜಗ್ಗುತ್ತಿಲ್ಲ ಅಂತ ತೀರ್ಮಾನ ಮಾಡುವ ಮೊದಲು ಕುಡಿಸಿದ ರೀತಿ ಸರಿ ಇತ್ತೋ ನೋಡಿ. ಕುರಿಗೆ ಅಲ್ಬೆಂಡಜೋಲ್ ಸಾಮಾನ್ಯವಾಗಿ ಕಿಲೋ ತೂಕಕ್ಕೆ 7.5 ಮಿ.ಗ್ರಾಂ. ಬಾಟಲಿ ಶೇ 2.5ರದ್ದಾದರೆ ಒಂದು ಮಿ.ಲೀ.ಯಲ್ಲಿ 25 ಮಿ.ಗ್ರಾಂ ಇರುತ್ತದೆ. 30 ಕಿಲೋ ಕುರಿಗೆ 9 ಮಿ.ಲೀ. ಬೇಕು. ಎಷ್ಟು ಜನ "ಎಲ್ಲಕ್ಕೂ ಐದೈದು ಎಂಎಲ್" ಅಂತ ಹಾಕುತ್ತಾರೆ ಗೊತ್ತಾ? 45 ಕಿಲೋ ಟಗರಿಗೂ ಐದೇ. ಅರ್ಧ ಡೋಸು ಕೊಡುವುದು ಕೊಡದೇ ಇರುವುದಕ್ಕಿಂತ ಕೆಟ್ಟದ್ದು. ಹುಳಕ್ಕೆ ಗರಡಿಮನೆಯಲ್ಲಿ ತಾಲೀಮು ಕೊಟ್ಟಂತೆ. ಹಿಂಡಿನ ಅತಿ ದಪ್ಪ ಕುರಿಯನ್ನು ತೂಗಿ, ಅದರ ಲೆಕ್ಕದಲ್ಲಿ ಅದರ ಗಾತ್ರದವಕ್ಕೆಲ್ಲ ಕೊಡಿ. ಮರಿಗಳನ್ನು ಬೇರೆ ತೂಗಿ.

ಬಾಟಲಿ ಚೆನ್ನಾಗಿ ಅಲ್ಲಾಡಿಸಿದಿರಾ? ಔಷಧಿ ತಳದಲ್ಲಿ ಕೂತಿರುತ್ತದೆ. ಮೊದಲ ಹತ್ತು ಕುರಿಗೆ ನೀರು, ಕೊನೆಯ ಹತ್ತಕ್ಕೆ ಗಸಿ ಆಗಬಾರದು. ಸಿರಿಂಜಿನ ಮೂತಿಯನ್ನು ತುಟಿಯ ಹತ್ತಿರ ಇಟ್ಟು ಚಿಮ್ಮಿಸಿದರೆ ಕುರಿ ಅದನ್ನು ಹಾಲು ಕುಡಿದಂತೆ ನುಂಗುತ್ತದೆ, ಔಷಧಿ ದೊಡ್ಡ ಹೊಟ್ಟೆ ಬಿಟ್ಟು ನೇರ ಮುಂದೆ ಹೋಗಿ ಬೇಗ ಹೊರಬೀಳುತ್ತದೆ. ಬಾಯಿಯ ಪಕ್ಕದ ಸಂದಿನಿಂದ ನಾಲಿಗೆಯ ಹಿಂಬದಿಗೆ ಹಾಕಿ. ತಲೆ ಆಕಾಶಕ್ಕೆ ಎತ್ತಬೇಡಿ, ಶ್ವಾಸಕ್ಕೆ ಹೋದರೆ ಆ ಕುರಿ ಮುಗಿಯಿತು. ಹಿಂದಿನ ರಾತ್ರಿ ಮೇವು ಕಡಿಮೆ ಮಾಡಿದರೆ ಔಷಧಿ ಹೊಟ್ಟೆಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ, ಗಬ್ಬದ ಕುರಿಗೆ ಮಾತ್ರ ಹಾಗೆ ಉಪವಾಸ ಹಾಕಬೇಡಿ. ಗಬ್ಬ ಕಟ್ಟಿದ ಮೊದಲ ತಿಂಗಳಲ್ಲಿ ಅಲ್ಬೆಂಡಜೋಲೇ ಬೇಡ, ಹೊಟ್ಟೆಯ ಮರಿಗೆ ಊನ ಬರುತ್ತದೆ.

ಆಡಿನ ಲೆಕ್ಕ ಬೇರೆ. ಆಡಿನ ಮೈ ಈ ಔಷಧಿಯನ್ನು ಬೇಗ ಕರಗಿಸಿ ಹೊರಹಾಕುತ್ತದೆ. ಕುರಿಯ ಡೋಸು ಅದಕ್ಕೆ ಸಾಲುವುದಿಲ್ಲ, ಒಂದೂವರೆಯಿಂದ ಎರಡು ಪಟ್ಟು ಬೇಕಾಗುತ್ತದೆ. ಆದರೆ ಈ ಮಾತನ್ನು ಎಲ್ಲ ಔಷಧಿಗೂ ಹಚ್ಚಬೇಡಿ. ಒಮ್ಮೆ ನನ್ನ ಎದುರಿಗೇ ಒಬ್ಬರು ಲೆವಮಿಸೋಲ್ ಎಂಬ ಇನ್ನೊಂದು ಜಂತಿನ ಔಷಧಿಯನ್ನು ಕಣ್ಣಳತೆಯಲ್ಲಿ ಆಡುಗಳಿಗೆ ಹಾಕಿದರು. ಅರ್ಧ ತಾಸಿನಲ್ಲಿ ಎರಡು ಆಡು ಜೊಲ್ಲು ಸುರಿಸುತ್ತ, ನಡುಗುತ್ತ ಬಿದ್ದವು. ನಾನು "ಸ್ವಲ್ಪ ಜಾಸ್ತಿ ಹಾಕಿ" ಅಂದದ್ದನ್ನು ಅವರು ಕೇಳಿಸಿಕೊಂಡಿದ್ದರು. ಎಷ್ಟು ಅಂತ ಹೇಳದೇ ಇದ್ದದ್ದು ನನ್ನ ತಪ್ಪು. ಒಂದು ಉಳಿಯಿತು.

ಲೆವಮಿಸೋಲ್ ಅಂದಕೂಡಲೇ ನನಗೆ ತಂಬಾಕಿನ ಊರು ನಿಪ್ಪಾಣಿ ನೆನಪಾಗುತ್ತದೆ. ಹಿಂದೆ ಕುರಿಗಳಿಗೆ ತಂಬಾಕಿನ ನೀರು, ಮೈಲುತುತ್ತದ ನೀರು ಕುಡಿಸುತ್ತಿದ್ದರು. ಬೇರೆ ದೇಶಗಳ ಪಶುವೈದ್ಯರೂ ಒಂದು ಕಾಲಕ್ಕೆ ಈ ಎರಡನ್ನೇ ಬೆರೆಸಿ ಕೊಡುತ್ತಿದ್ದರು. ತಂಬಾಕಿನ ನಿಕೋಟಿನ್ ಹುಳದ ನರದ ಯಾವ ಬಾಗಿಲು ಬಡಿಯುತ್ತದೆಯೋ ಲೆವಮಿಸೋಲ್ ಬಡಿಯುವುದೂ ಅದೇ ಬಾಗಿಲು. ಹುಳದ ಸ್ನಾಯು ಸೆಟೆದು ಹಿಡಿತ ತಪ್ಪುತ್ತದೆ. ಅಜ್ಜಂದಿರ ಊಹೆ ಸುಳ್ಳಾಗಿರಲಿಲ್ಲ, ಅಳತೆ ಮಾತ್ರ ಕೈಯಲ್ಲಿರಲಿಲ್ಲ. ಹಾಗಂತ ಈಗ ತಂಬಾಕು ನೆನೆಹಾಕಬೇಡಿ. ಮೈಲುತುತ್ತವಂತೂ ಬೇಡವೇ ಬೇಡ, ತಾಮ್ರದ ವಿಷ ಕುರಿಗೆ ತಗಲುವಷ್ಟು ಬೇಗ ಬೇರೆ ಸಾಕುಪ್ರಾಣಿಗೆ ತಗಲುವುದಿಲ್ಲ.

ಔಷಧಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ತಿಳಿಯಲು ಹಿಕ್ಕೆ ಪರೀಕ್ಷೆ ಮಾಡಿಸಿ. ಕುಡಿಸುವ ದಿನ ಹತ್ತು ಕುರಿಯ ಹಿಕ್ಕೆ, ಹತ್ತರಿಂದ ಹದಿನಾಲ್ಕು ದಿನ ಬಿಟ್ಟು ಅವೇ ಹತ್ತು ಕುರಿಯ ಹಿಕ್ಕೆ. ನೆಲದ ಮೇಲಿನದ್ದು ಬೇಡ, ಕೈಚೀಲ ಹಾಕಿ ಗುದದಿಂದಲೇ ಐದಾರು ಹಿಕ್ಕೆ ತೆಗೆಯಿರಿ. ಡಬ್ಬಿಯ ಮೇಲೆ ಕುರಿಯ ಗುರುತು ಬರೆಯಿರಿ. ಬಿಸಿಲಿಗೆ ಇಡಬೇಡಿ, ಮೊಟ್ಟೆ ಒಡೆದು ಲೆಕ್ಕ ತಪ್ಪುತ್ತದೆ. ಬರ್ಫದ ಜೊತೆ ತಂಪಾಗಿಟ್ಟು ಅದೇ ದಿನ ತಾಲ್ಲೂಕು ಪಶು ಆಸ್ಪತ್ರೆಗೆ ಮುಟ್ಟಿಸಿ. ಅಲ್ಲಿ ಮಾಡುವುದು ಸರಳ ಕೆಲಸ. ಹಿಕ್ಕೆಯನ್ನು ದಟ್ಟ ಉಪ್ಪುನೀರಿನಲ್ಲಿ ಕದಡಿದರೆ ಮೊಟ್ಟೆಗಳು ಮೇಲೆ ತೇಲುತ್ತವೆ, ಗೆರೆ ಹಾಕಿದ ಗಾಜಿನಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಎರಡನೇ ಸಲದ ಎಣಿಕೆ ಮೊದಲಿನದ್ದಕ್ಕಿಂತ ಶೇ 95ರಷ್ಟೂ ಇಳಿಯದಿದ್ದರೆ ನಿಮ್ಮ ಹಿಂಡಿನಲ್ಲಿ ಆ ಔಷಧಿಯ ಗುಂಪಿಗೆ ಹುಳ ಜಗ್ಗುತ್ತಿಲ್ಲ ಅಂತ ಅರ್ಥ. ಗುಂಪು ಅಂದದ್ದು ಯಾಕೆಂದರೆ ಅಲ್ಬೆಂಡಜೋಲ್ ಬಿಟ್ಟು ಫೆನ್‌ಬೆಂಡಜೋಲ್ ತಂದರೆ ಅಂಗಿ ಬದಲಾಗುತ್ತದೆ, ಆಳು ಅವನೇ. ಲೆವಮಿಸೋಲ್ ಬೇರೆ ಗುಂಪು, ಐವರ್ಮೆಕ್ಟಿನ್ ಇನ್ನೊಂದು. ಕ್ಲೊಸಾಂಟೆಲ್ ರಕ್ತ ಹೀರುವ ಹುಳಗಳಿಗೇ ಚೆನ್ನಾಗಿ ನಾಟುತ್ತದೆ, ಚಪ್ಪಟೆ ಹುಳಕ್ಕೂ ಆಗುತ್ತದೆ. ಆದರೆ ಡೋಸು ಮೀರಿದರೆ ಕುರಿ ಕುರುಡಾಗುತ್ತದೆ. ಯಾವುದು ಅಂತ ಡಾಕ್ಟರು ಎಣಿಕೆ ನೋಡಿ ಹೇಳಲಿ, ಅಂಗಡಿಯವರಲ್ಲ.

ಹಾಗಾದರೆ ಯಾವ ಕುರಿಗೆ ಕುಡಿಸಬೇಕು? ಕಣ್ಣು ನೋಡಿ. ದಕ್ಷಿಣ ಆಫ್ರಿಕಾದವರು ಇದಕ್ಕೆ ಫಮಾಚಾ ಎಂಬ ಬಣ್ಣದ ಪಟ್ಟಿ ಮಾಡಿದ್ದಾರೆ, 1ರಿಂದ 5ರವರೆಗೆ. ಬಯಲಿನ ಬೆಳಕಿನಲ್ಲಿ ಕುರಿ ಹಿಡಿದು, ಮೇಲಿನ ರೆಪ್ಪೆಯ ಮೇಲಿಂದ ಹೆಬ್ಬೆರಳಿನಲ್ಲಿ ಕಣ್ಣುಗುಡ್ಡೆ ಮೆಲ್ಲಗೆ ಒತ್ತಿ, ಇನ್ನೊಂದು ಹೆಬ್ಬೆರಳಿನಲ್ಲಿ ಕೆಳರೆಪ್ಪೆ ಜಗ್ಗಿ. ಒಳಗಿನ ತೊಗಲು ನಮ್ಮ ಬಾಗಲಕೋಟೆ ದಾಳಿಂಬೆಯ ಕಾಳಿನಂತೆ ಕೆಂಪಗಿದ್ದರೆ ಅದು 1. ತುಸು ತಿಳಿಯಾದರೆ 2. ಇವಕ್ಕೆ ಔಷಧಿ ಬೇಡ. ತಿಳಿ ಗುಲಾಬಿ ಆದರೆ 3. ದೊಡ್ಡ ಕುರಿಯಾದರೆ ಎರಡು ವಾರ ಕಾದು ನೋಡಬಹುದು, ಮರಿ ಅಥವಾ ಗಬ್ಬದ್ದಾದರೆ ಕುಡಿಸಿ. ಬಣ್ಣ ಬಿಟ್ಟ ಬಟ್ಟೆಯಂತಿದ್ದರೆ 4, ಸುಣ್ಣದ ಗೋಡೆಯಂತಾದರೆ 5. ಇವಕ್ಕೆ ಇವತ್ತೇ ಕುಡಿಸಬೇಕು. 5 ಇದ್ದದ್ದಕ್ಕೆ ಡಾಕ್ಟರೂ ಬೇಕು. ಮೊದಲ ಸಲ ಪಟ್ಟಿ ಹಿಡಿದವರ ಕೈಯಿಂದ ಕಲಿಯಿರಿ, ಎರಡನೇ ಸಲಕ್ಕೆ ರೂಢಿಯಾಗುತ್ತದೆ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ನೋಡಿದರೆ ಸಾಕು.

ಹೀಗೆ ನೋಡಿದಾಗ ಒಂದು ವಿಷಯ ಗೊತ್ತಾಗುತ್ತದೆ. ಹಿಂಡಿನ ಹೆಚ್ಚು ಹುಳ ಕೆಲವೇ ಕುರಿಗಳಲ್ಲಿ ಇರುತ್ತವೆ. ಸಾಮಾನ್ಯವಾಗಿ ಹೇಳುವುದು, ನೂರಕ್ಕೆ ಇಪ್ಪತ್ತು ಮೂವತ್ತು ಕುರಿಗಳಲ್ಲಿ ಎಂಬತ್ತು ಪಾಲು ಹುಳ. ಅವಕ್ಕೆ ಮಾತ್ರ ಕುಡಿಸಿದರೆ ಉಳಿದವುಗಳ ಹೊಟ್ಟೆಯಲ್ಲಿ ಔಷಧಿಯ ರುಚಿ ಕಾಣದ ಹುಳ ಇರುತ್ತವೆ. ಇರಲಿ. ಜಗ್ಗದ ಹುಳದ ಸಂತಾನದ ಜೊತೆ ಅವುಗಳ ಸಂತಾನ ಬೆರೆತರೆ ಔಷಧಿ ಇನ್ನಷ್ಟು ವರ್ಷ ನಡೆಯುತ್ತದೆ. ಬೇಸಿಗೆಯಲ್ಲಿ, ಹುಲ್ಲಿನ ಮೇಲೆ ಹುಳದ ಮರಿಯೇ ಇಲ್ಲದ ಹೊತ್ತಿನಲ್ಲಿ, ಇಡೀ ಹಿಂಡಿಗೆ ಕುಡಿಸುವುದು ಇದೇ ಕಾರಣಕ್ಕೆ ಅಪಾಯ. ಕುಡಿಸಿದ ಮರುದಿನವೇ ಹೊಸ ಹುಲ್ಲಿಗೆ ಹೊಡೆಯುವುದೂ ಅಷ್ಟೇ, ಆ ಹೊಸ ಹುಲ್ಲಿಗೆ ಜಗ್ಗದ ಹುಳದ್ದೇ ಬಿತ್ತನೆ. ರಕ್ತ ಕಳೆದುಕೊಂಡ ಕುರಿಗೆ ಶೇಂಗಾ ಹಿಂಡಿ, ತೊಗರಿ ಹೊಟ್ಟು ಕೊಡಿ. ಸಾರದ ಮೇವು ತಿಂದ ಕುರಿ ಹುಳವನ್ನು ಒಳಗಿನಿಂದಲೇ ಎದುರಿಸುತ್ತದೆ.

ಈಗ ಚಿಗರಿ, ಅಂದರೆ ಚಿಂಕಾರ. ಯಡಹಳ್ಳಿಯ ಚಿಂಕಾರ ಅಭಯಾರಣ್ಯ ಸುಮಾರು 96 ಚದರ ಕಿ.ಮೀ. ಇದೆ, ಬೀಳಗಿ ಮತ್ತು ಮುಧೋಳ ತಾಲ್ಲೂಕಿನಲ್ಲಿ ಹರಡಿದೆ. ಕುರಿಯ ಹುಳ ಚಿಗರಿಯ ಹೊಟ್ಟೆಯಲ್ಲೂ ಬದುಕಬಲ್ಲದು, ಅಷ್ಟರ ಮಟ್ಟಿಗೆ ಹಿರಿಯರ ಮಾತು ಸುಳ್ಳಲ್ಲ. ಆದರೆ ಯಾರಿಂದ ಯಾರಿಗೆ ಅಂತ ಲೆಕ್ಕ ಹಾಕಿ. ಚಿಂಕಾರ ಎರಡು ಮೂರು ಸೇರಿ ದೂರ ದೂರ ಅಡ್ಡಾಡುವ ಪ್ರಾಣಿ. ಎಲೆ, ಚಿಗುರು, ಕಾಯಿ ಅಂತ ಎತ್ತರದ್ದನ್ನೂ ತಿನ್ನುತ್ತದೆ, ನೀರಿನಂಚಿನ ಹುಲ್ಲಿಗೆ ಅಂಟಿಕೊಂಡಿರುವುದಿಲ್ಲ. ನಿಮ್ಮ 60 ಕುರಿ ಒಂದೇ ಜಾಗದಲ್ಲಿ ದಿನಾ ಹಿಕ್ಕೆ ಹಾಕುತ್ತವೆ. ಗುಡ್ಡದ ಬುಡದಲ್ಲಿ ಚಿಗರಿ ನಿಮ್ಮ ಕುರಿಗೆ ಒಂದು ಹುಳ ಕೊಟ್ಟರೆ ನಿಮ್ಮ ಕುರಿ ಅದಕ್ಕೆ ಸಾವಿರ ಕೊಡುತ್ತದೆ. ಬ್ರಿಟನ್ನಿನ ಕಾಡುಜಿಂಕೆಗಳಲ್ಲಿ ಔಷಧಿಗೆ ಜಗ್ಗದ ಹೀಮಾಂಕಸ್ ಸಿಕ್ಕಿದ್ದು 2014ರಲ್ಲಿ ಪ್ರಕಟವಾಯಿತು. ಆ ಜಿಂಕೆಗಳಿಗೆ ಯಾರೂ ಬಾಟಲಿ ಹಿಡಿದಿರಲಿಲ್ಲ. ಜಗ್ಗದ ಹುಳ ಸಾಕುಪ್ರಾಣಿಗಳು ಮೇದ ಹುಲ್ಲಿನಿಂದಲೇ ಹೋಗಿರಬೇಕು. ಕಾಡಿನ ಪ್ರಾಣಿಗೆ ಕಣ್ಣು ನೋಡುವವರಿಲ್ಲ, ಹಿಂಡಿ ಹಾಕುವವರಿಲ್ಲ. ಹುಳದಿಂದ ನಿತ್ರಾಣವಾದ ಚಿಗರಿಯನ್ನು ಬೀದಿನಾಯಿ ಹಿಡಿದರೆ ನಾವು ನಾಯಿಯ ಹೆಸರಷ್ಟೇ ಬರೆದುಕೊಳ್ಳುತ್ತೇವೆ. ಅಭಯಾರಣ್ಯದ ಗಡಿಯೊಳಗೆ ಕುರಿ ಹೋಗದಂತೆ ನೋಡಿಕೊಳ್ಳಿ, ಕಾನೂನಿಗೂ ಅದೇ ಸರಿ.

ಎಮ್ಮೆ ಕರುವಿನ ಹುಳ ಬೇರೆಯೇ ಜಾತಿ, ಟಾಕ್ಸೊಕಾರಾ ವಿಟುಲೋರಮ್. ಅದು ಕೊಳಕಿನಿಂದ ಬಂದದ್ದಲ್ಲ, ತಾಯಿಯ ಹಾಲಿನಿಂದ ಬಂದದ್ದು. ಎಮ್ಮೆಯ ಮಾಂಸದಲ್ಲಿ ಮರಿಹುಳ ಸುಮ್ಮನೆ ಮಲಗಿರುತ್ತವೆ, ಈಯುವ ಹೊತ್ತಿಗೆ ಎದ್ದು ಕೆಚ್ಚಲಿಗೆ ಬರುತ್ತವೆ. ಎಮ್ಮೆಯ ಸೆಗಣಿ ಪರೀಕ್ಷಿಸಿದರೆ ಏನೂ ಕಾಣದೆ ಇರಬಹುದು. ಇದನ್ನು ಕೇಳಿ ಗಿಣ್ಣದ ಹಾಲು ನಿಲ್ಲಿಸಿದ ಮನೆಗಳನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಗಿಣ್ಣ ಇಲ್ಲದ ಕರು ಹುಳಕ್ಕಿಂತ ಮೊದಲು ಬೇರೆ ಕಾಯಿಲೆಗೆ ಹೋಗುತ್ತದೆ. ಕರು ಹುಟ್ಟಿದ 10ರಿಂದ 14 ದಿನದೊಳಗೆ ಮೊದಲ ಔಷಧಿ ಬೀಳಬೇಕು, ಆಗ ಹುಳ ಇನ್ನೂ ಸಣ್ಣವಿರುತ್ತವೆ. ನಿಮ್ಮದು ತಿಂಗಳಾಗಿದೆ, ಹುಳ ಗೇಣುದ್ದ ಆಗಿವೆ. ಹೊಟ್ಟೆ ಉಬ್ಬಿ, ಮಣ್ಣು ಬಣ್ಣದ ನಾರುವ ಭೇದಿ ಆಗುತ್ತಿರಬೇಕು. ಹುಳ ಬಹಳ ಇದ್ದರೆ ಕರುಳು ಕಟ್ಟಿಕೊಳ್ಳುತ್ತದೆ, ಆದ್ದರಿಂದ ಅಂಗಡಿಯಿಂದ ತಂದು ಹಾಕುವ ಬದಲು ಇವತ್ತೇ 1962ಕ್ಕೆ ಫೋನ್ ಮಾಡಿ ಪಶು ಸಂಜೀವಿನಿ ಗಾಡಿ ಕರೆಸಿ.

ಮುಧೋಳ ಮರಿಗಳಿಗೂ ಹುಳ ತಾಯಿಯಿಂದಲೇ, ಆದರೆ ಇಲ್ಲಿ ಗರ್ಭದಲ್ಲೇ ಬಂದಿರುತ್ತದೆ. ಎರಡು ವಾರದ ಮರಿಗೆ ಮೊದಲ ಔಷಧಿ, ಆಮೇಲೆ ಎಂಟು ವಾರದವರೆಗೆ ಎರಡೆರಡು ವಾರಕ್ಕೊಮ್ಮೆ, ಅಲ್ಲಿಂದ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ತಾಯಿಗೂ ಜೊತೆಗೇ. ಇಲ್ಲಿ ಮಾತ್ರ ಕಣ್ಣು ನೋಡಿ ಕೊಡುವ ಮಾತಿಲ್ಲ, ಎಲ್ಲಾ ಮರಿಗೂ ಕೊಡಿ. ಯಾಕೆಂದರೆ ಈ ಹುಳದ ಮೊಟ್ಟೆ ಮಕ್ಕಳ ಹೊಟ್ಟೆಗೆ ಹೋದರೆ ಮರಿಹುಳ ಯಕೃತ್ತಿಗೂ ಕಣ್ಣಿಗೂ ದಾರಿ ಮಾಡಿಕೊಂಡು ಹೋಗಬಲ್ಲದು. ಸಮಾಧಾನದ ವಿಷಯ ಅಂದರೆ ನಾಯಿ ಆಗಷ್ಟೇ ಹಾಕಿದ ಹೇಲಿನಲ್ಲಿ ಅಪಾಯ ಇಲ್ಲ. ಮೊಟ್ಟೆ ಮಣ್ಣಿನಲ್ಲಿ ಎರಡು ಮೂರು ವಾರ ಹಣ್ಣಾಗಬೇಕು. ದಿನಾ ಎತ್ತಿ ಆಳವಾಗಿ ಹುಗಿದರೆ ಅಂಗಳ ಚೊಕ್ಕಟ. ಬಿಟ್ಟರೆ ಆ ಮೊಟ್ಟೆ ವರ್ಷಗಟ್ಟಲೆ ಮಣ್ಣಿನಲ್ಲಿ ಕಾಯುತ್ತದೆ. ಮಕ್ಕಳು ನಾಯಿ ಜೊತೆ ಆಡಲಿ, ರೊಟ್ಟಿ ಮುಟ್ಟುವ ಮೊದಲು ಸಾಬೂನು ಹಚ್ಚಲಿ. ಕುರಿ ಕೊಯ್ದಾಗ ನೀರುಗುಳ್ಳೆ ಇರುವ ಕಾರಲು, ಪುಪ್ಪುಸ ನಾಯಿಗೆ ಎಸೆಯಬೇಡಿ. ಅದು ದುಂಡುಹುಳದ ಕಥೆಯಲ್ಲ, ಲಾಡಿಹುಳದ್ದು. ಮನುಷ್ಯರಿಗೆ ಇದಕ್ಕಿಂತ ಕೆಟ್ಟದ್ದು.

ಕೊನೆಗೆ ಆ ಹರಕು ಕಿವಿಯ ಮುದಿ ಕುರಿ. ಅದರಲ್ಲಿ ವಿಚಿತ್ರ ಏನೂ ಇಲ್ಲ. ಅದೇ ಹುಲ್ಲು ಮೇದು, ಅದೇ ಹುಳ ನುಂಗಿ, ಅವನ್ನು ನೆಲೆ ನಿಲ್ಲಗೊಡದೆ ಹೊರಹಾಕುವ ಶಕ್ತಿ ಅದಕ್ಕಿದೆ. ಈ ಗುಣ ಮರಿಗಳಿಗೂ ಇಳಿಯುತ್ತದೆ. ಕಣ್ಣು ನೋಡುವ ದಿನ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಯಾವುದಕ್ಕೆ ಎಷ್ಟು ಸಲ ಔಷಧಿ ಬಿತ್ತು ಅಂತ ಬರೆಯಿರಿ. ವರ್ಷಕ್ಕೆ ಮೂರು ನಾಲ್ಕು ಸಲ ಬಿದ್ದದ್ದನ್ನು, ಮಾಂಸಕ್ಕೆ ಕೊಡುವ ಮೊದಲು ಕಾಯಬೇಕು ಅಂತ ಔಷಧಿಯ ಲೇಬಲ್ಲಿನಲ್ಲಿ ಬರೆದಷ್ಟು ದಿನ ಕಳೆದ ಮೇಲೆ, ಸಂತೆಗೆ ಹೊಡೆಯಿರಿ. ಟಗರು ಎಷ್ಟೇ ಅಂದವಾಗಿದ್ದರೂ ಅದರ ಕಣ್ಣು ಪದೇ ಪದೇ ಬೆಳ್ಳಗಾಗುತ್ತಿದ್ದರೆ ತಳಿಗೆ ಬೇಡ. ಹರಕು ಕಿವಿಯದ್ದರ ಹೊಟ್ಟೆಯಲ್ಲಿ ಹುಟ್ಟಿದ ಹೆಣ್ಣುಮರಿ ಎಷ್ಟಿವೆ ಎಣಿಸಿ. ಅಮೀನಗಡದ ಸಂತೆಯಲ್ಲಿ ಎಷ್ಟೇ ರೇಟು ಬಂದರೂ ಅವನ್ನು ಕೊಡಬೇಡಿ.